ಅಪ್‌ಡೇಟ್: ಅಕೌಂಟ್ಸ್ ಕೆಲಸ ಬಿಟ್ಟೆ, ಟ್ರೇನರ್ ಆದೆ

38ನೇ ವಯಸ್ಸಲ್ಲಿ ಅಕೌಂಟ್ಸ್ ಕೆಲಸ ಬಿಟ್ಟು ಪರ್ಸನಲ್ ಟ್ರೇನರ್ ಆಗಬಹುದಾ ಅಂತ ಕೇಳಿದ್ದೆ ಅಲ್ವಾ, ಆದೆ! ಮೊದಲು ಸರ್ಟಿಫಿಕೇಟ್, ಆಮೇಲೆ ರಾಜೀನಾಮೆ ಅಂದವರಿಗೆ ತುಂಬಾ ಥ್ಯಾಂಕ್ಸ್.

ಪರೀಕ್ಷೆ ಪಾಸಾಯಿತು. ಜೊತೆಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ತುರ್ತು ಚಿಕಿತ್ಸೆ) ಕೂಡ ಕಲಿಯಬೇಕಿತ್ತು. ನಿಮಿಷಕ್ಕೆ 100ರಿಂದ 120 ಸಲದ ಲೆಕ್ಕದಲ್ಲಿ ಗೊಂಬೆಯ ಎದೆ ಒತ್ತಿ ಒತ್ತಿ ಕೈ ಸೋತುಹೋಯಿತು, ಆದರೂ ಇಡೀ ಓದಿನಲ್ಲಿ ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನಿಸಿತು.

ಆದಾಯ ಮೊದಲಿಗಿಂತ ಕಡಿಮೆ. ಬೆಳಿಗ್ಗೆ 5ಕ್ಕೆ ಶುರು, ಮಧ್ಯಾಹ್ನ ಖಾಲಿ, ಸಂಜೆ ಮತ್ತೆ ಕೆಲಸ.

ಆದರೆ ಮೊನ್ನೆ, ಮಂಡಿ ನೋವಿಗೆ ಹೆದರಿ ಕೈ ಊರಿಯೇ ಕುರ್ಚಿಯಿಂದ ಏಳುತ್ತಿದ್ದ 60 ದಾಟಿದವರೊಬ್ಬರು, ಎರಡು ತಿಂಗಳು ಎದ್ದು ಕೂರುವ ಅಭ್ಯಾಸವನ್ನೇ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಬಂದು, ಕೈ ಊರದೇ ಎದ್ದು ನಿಂತರು. ನನ್ನ ಕಣ್ಣು ತುಂಬಿ ಬಂತು.