ಮಕ್ಕಳ ಚಿತ್ರಕ್ಕೂ ಗಂಭೀರ ಚಿತ್ರಕ್ಕೂ ಒಂದೇ ಅಳತೆಗೋಲು ಹೇಗೆ ಸಾಧ್ಯ?

ಪ್ರಶ್ನೆ: ಹೊಸ ಬರಹಗಾರ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ನಾನು ಸಣ್ಣ ಪತ್ರಿಕೆಯೊಂದಕ್ಕೆ ಚಿತ್ರವಿಮರ್ಶೆ ಬರೆಯುತ್ತಿದ್ದೇನೆ. ಪ್ರತಿ ವಿಮರ್ಶೆಯ ಕೊನೆಯಲ್ಲಿ ಐದಕ್ಕೆ ಇಷ್ಟು ಎಂದು ನಕ್ಷತ್ರಗಳನ್ನು ಕೊಡಬೇಕೆಂಬುದು ಅಲ್ಲಿನ ಕ್ರಮ. ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಚಿತ್ರಗಳ ಬಗ್ಗೆ ಬರೆಯಬೇಕಾಯಿತು. ಒಂದು ಮಕ್ಕಳಿಗಾಗಿ ಮಾಡಿದ ಅನಿಮೇಷನ್ ಚಿತ್ರ. ಇನ್ನೊಂದು ಮಗನನ್ನು ಕಳೆದುಕೊಂಡ ದಂಪತಿಯ ಕಥೆ. ಮೊದಲನೆಯದಕ್ಕೆ ನಾಲ್ಕು ನಕ್ಷತ್ರ, ಎರಡನೆಯದಕ್ಕೆ ಮೂರು ಕೊಟ್ಟೆ. ಓದುಗರೊಬ್ಬರು ಪತ್ರ ಬರೆದು, ಮಾತನಾಡುವ ಮೊಲದ ಕಥೆ ಪುತ್ರಶೋಕದ ಕಥೆಗಿಂತ ದೊಡ್ಡದಾಯಿತೇ ಎಂದು ಕೇಳಿದ್ದಾರೆ. ಅವರ ಮಾತಿನಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಕಥೆ, ನಟನೆ, ಛಾಯಾಗ್ರಹಣ, ಸಂಕಲನ, ಸಂಗೀತ ಎಂದು ವಿಂಗಡಿಸಿ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸಿದರೆ ನ್ಯಾಯ ದೊರಕೀತೇ ಎಂದು ಯೋಚಿಸುತ್ತಿದ್ದೇನೆ. ವರ್ಷಕ್ಕೆ ನೂರಾರು ಚಿತ್ರಗಳನ್ನು ನೋಡುವ ಅನುಭವಿಗಳು ಹಾಸ್ಯ, ಭಯಾನಕ, ಸಾಹಸ, ಸಾಕ್ಷ್ಯಚಿತ್ರ ಇವೆಲ್ಲವನ್ನೂ ಒಂದೇ ಮಾಪನದ ಮೇಲೆ ಹೇಗೆ ತೂಗುತ್ತಾರೆ? ದಯವಿಟ್ಟು ತಿಳಿಸಿಕೊಡಿ.

ಉತ್ತರ: ಹಿಂದಿನ ಸಾಲು

ತಮ್ಮ ಓದುಗರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಲ್ಕು ನಕ್ಷತ್ರ ಎಂಬುದು ಆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆದ ಫಲವಲ್ಲ ಎಂಬುದನ್ನು ಅವರಿಗೆ ಹೇಳಬಹುದಿತ್ತು. 1967ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಗೆ ಬರೆದ ರೋಜರ್ ಈಬರ್ಟ್, ಸಿನಿಮಾ ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದವರಲ್ಲಿ ಮೊದಲಿಗರು. ನಕ್ಷತ್ರಗಳು ಸಾಪೇಕ್ಷವೇ ಹೊರತು ನಿರಪೇಕ್ಷವಲ್ಲ ಎಂಬುದು ಅವರ ನಿಲುವಾಗಿತ್ತು. ಸ್ನೇಹಿತನೊಬ್ಬ ಒಂದು ಸೂಪರ್‌ಹೀರೋ ಚಿತ್ರ ಹೇಗಿದೆ ಎಂದು ಕೇಳಿದಾಗ, ಅದೇ ಜಾತಿಯ ಇತರ ಚಿತ್ರಗಳ ನಡುವೆ ಅದು ಹೇಗಿದೆ ಎಂದು ಕೇಳುತ್ತಿರುತ್ತಾನೆಯೇ ವಿನಾ, ಗಂಭೀರ ಕೌಟುಂಬಿಕ ದುರಂತವೊಂದರ ಎದುರು ಅದನ್ನು ನಿಲ್ಲಿಸುವುದಿಲ್ಲ. ಬಹುಪಾಲು ವಿಮರ್ಶಕರು, ಹೇಳಲಿ ಬಿಡಲಿ, ಹೀಗೆಯೇ ಅಂಕ ಕೊಡುತ್ತಾರೆ.

ಇಷ್ಟಕ್ಕೇ ನಿಂತರೆ ಸಾಲದು. ಯಾವ ಕೃತಿಯ ಬಗ್ಗೆಯಾದರೂ ಮೂರು ಪ್ರಶ್ನೆ ಕೇಳಬೇಕೆಂದು ಜರ್ಮನ್ ಕವಿ ಗಯಟೆ ಹೇಳಿದ್ದುಂಟು: ಕರ್ತೃ ಏನು ಮಾಡಹೊರಟ, ಆ ಉದ್ದೇಶ ವಿವೇಕದ್ದೇ, ಅದನ್ನು ಎಷ್ಟರಮಟ್ಟಿಗೆ ಸಾಧಿಸಿದ. ಮೊದಲನೆಯ ಮತ್ತು ಮೂರನೆಯ ಪ್ರಶ್ನೆಯಷ್ಟನ್ನೇ ಕೇಳುವ ವಿಮರ್ಶಕ, ಕ್ರೌರ್ಯವನ್ನು ಮೋಜಿನ ವಸ್ತುವಾಗಿ ತೋರಿಸುವುದನ್ನೇ ಗುರಿಯಾಗಿಟ್ಟುಕೊಂಡು ಅದರಲ್ಲಿ ಯಶಸ್ವಿಯಾದ ಚಿತ್ರಕ್ಕೂ ಪೂರ್ಣ ಅಂಕ ಕೊಡಬೇಕಾದೀತು. ನಡುವಿನ ಪ್ರಶ್ನೆಯೇ ವಿಮರ್ಶಕನ ಮನಸ್ಸನ್ನು ಪರೀಕ್ಷಿಸುವಂಥದ್ದು, ಮತ್ತು ಅಲ್ಲಿಯೇ ಇಬ್ಬರು ಪ್ರಾಮಾಣಿಕ ವಿಮರ್ಶಕರು ಬೇರೆ ಬೇರೆ ದಾರಿ ಹಿಡಿಯುತ್ತಾರೆ.

ಇನ್ನು ವಿಭಾಗವಾರು ಅಂಕಗಳ ವಿಚಾರ. ದಯವಿಟ್ಟು ಆ ದಾರಿಗೆ ಹೋಗಬೇಡಿ. ನಾನು ಮೂರು ವರ್ಷ ಆ ಪದ್ಧತಿಯಲ್ಲಿ ಬರೆದು ಕೈಬಿಟ್ಟವನು. ಹಸಿವನ್ನು ಕುರಿತ ಚಿತ್ರವೊಂದರಲ್ಲಿ ಪ್ರತಿ ಚೌಕಟ್ಟೂ ಹೊನ್ನಿನ ಬೆಳಕಿನಲ್ಲಿ ತೊಳಗುತ್ತಿತ್ತು; ಗುಡಿಸಲಿನ ಹರಿದ ಚಾಪೆಯೂ ವರ್ಣಚಿತ್ರದಂತೆ ಕಾಣುತ್ತಿತ್ತು. ನನ್ನ ಪಟ್ಟಿಯ ಪ್ರಕಾರ ಛಾಯಾಗ್ರಹಣಕ್ಕೆ ಹತ್ತಕ್ಕೆ ಒಂಬತ್ತು. ಆದರೆ ಆ ಚಿತ್ರವನ್ನು ಕೆಡಿಸಿದ್ದೇ ಆ ಸೊಗಸು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕುರಿತು ಬರೆಯುತ್ತ, ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರು ನಗೆಪಾಟಲಾಗುತ್ತಾರೆಂದು ಹೇಳುತ್ತಾನೆ. ಡಾಬೂ ಚಿನ್ನದ್ದೇ, ಹಾರವೂ ಮುತ್ತಿನದ್ದೇ. ತೊಟ್ಟ ಜಾಗ ಮಾತ್ರ ತಪ್ಪು. ಬಿಡಿಬಿಡಿಯಾಗಿ ಅಂಕ ಕೊಟ್ಟು ಕೂಡಿಸುವ ಪದ್ಧತಿಗೆ ಈ ತಪ್ಪು ಎಂದೂ ಕಾಣಿಸುವುದಿಲ್ಲ. ವಿಭಾಗಗಳನ್ನು ಟಿಪ್ಪಣಿಗೆ ಬಳಸಿ, ತೀರ್ಮಾನಕ್ಕೆ ಬೇಡ.

ಉತ್ತರ: ಅಂಕಗಣಿತ

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಸಂಖ್ಯೆಯು ವಿಮರ್ಶಕನ ಕೈಬಿಟ್ಟ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಚಲನಚಿತ್ರಕ್ಕೆ ನಕ್ಷತ್ರ ಕೊಡುವ ರೂಢಿ ಹಳೆಯದು. ನ್ಯೂಯಾರ್ಕ್‌ನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಅವರು 1928ರಲ್ಲಿ ಮೂರು ನಕ್ಷತ್ರಗಳ ಮಾಪನವನ್ನು ಆರಂಭಿಸಿದರು. ಮುಂದೆ ನಾಲ್ಕು, ಐದು, ಹತ್ತು, ನೂರು ಹೀಗೆ ಮಾಪನಗಳು ಬೆಳೆದವು. ಫ್ರಾನ್ಸ್‌ನ ಕಾಯೇ ದ್ಯು ಸಿನೆಮಾ ಪತ್ರಿಕೆ 1950ರ ದಶಕದಲ್ಲಿ ಹತ್ತು ಮಂದಿ ವಿಮರ್ಶಕರ ಅಭಿಪ್ರಾಯಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಮುದ್ರಿಸತೊಡಗಿತು. ನನಗೆ ಇದು ಇಂದಿಗೂ ಅತ್ಯಂತ ಪ್ರಾಮಾಣಿಕವಾದ ಕ್ರಮವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಭಿನ್ನಮತವನ್ನು ಅಳಿಸುವುದಿಲ್ಲ. ಯಾರು ಮೆಚ್ಚಿದರು, ಯಾರು ತಿರಸ್ಕರಿಸಿದರು ಎಂಬುದು ಕಣ್ಣಿಗೆ ಕಾಣುತ್ತದೆ.

ಹಲವರ ವಿಮರ್ಶೆಗಳನ್ನು ಒಟ್ಟುಗೂಡಿಸುವ, 1998ರಲ್ಲಿ ಆರಂಭವಾದ ರಾಟನ್ ಟೊಮೇಟೋಸ್ ಜಾಲತಾಣ ಮಾಡುವುದು ಬೇರೆಯೇ ಕೆಲಸ. ಅದರ ಪ್ರತಿಶತ ಚಿತ್ರದ ಗುಣಮಟ್ಟವನ್ನು ಹೇಳುವುದಿಲ್ಲ. ಎಷ್ಟು ವಿಮರ್ಶೆಗಳು ಒಟ್ಟಾರೆ ಅನುಕೂಲಕರವಾಗಿವೆ ಎಂಬುದನ್ನಷ್ಟೇ ಹೇಳುತ್ತದೆ. 60 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಚಿತ್ರ ತಾಜಾ ಎನಿಸಿಕೊಳ್ಳುತ್ತದೆ. ಅಂಥದ್ದೇ ಇನ್ನೊಂದು ಜಾಲತಾಣವಾದ ಮೆಟಾಕ್ರಿಟಿಕ್ ಪ್ರತಿ ವಿಮರ್ಶೆಯನ್ನು ನೂರರ ಮಾಪನಕ್ಕೆ ಪರಿವರ್ತಿಸಿ, ಕೆಲವು ಪ್ರಕಟಣೆಗಳಿಗೆ ಹೆಚ್ಚಿನ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಹತ್ತು ವಿಮರ್ಶಕರೂ ಒಂದು ಚಿತ್ರಕ್ಕೆ ಐದಕ್ಕೆ ಮೂರು ಕೊಟ್ಟು, ಆ ಹತ್ತೂ ವಿಮರ್ಶೆಗಳು ಅನುಕೂಲಕರವೆಂದು ಪರಿಗಣಿತವಾದರೆ ಆ ಚಿತ್ರಕ್ಕೆ 100 ಪ್ರತಿಶತ. ಇನ್ನೊಂದು ಚಿತ್ರಕ್ಕೆ ಆರು ಮಂದಿ ಪೂರ್ತಿ ಐದು ಕೊಟ್ಟು, ನಾಲ್ಕು ಮಂದಿ ಒಂದೊಂದೇ ಕೊಟ್ಟರೆ 60 ಪ್ರತಿಶತ. ಸರಾಸರಿ ತೆಗೆದರೆ ಮೊದಲನೆಯದು 3, ಎರಡನೆಯದು 3.4. ಯಾರನ್ನೂ ನೋಯಿಸದ, ಯಾರನ್ನೂ ಅಲುಗಾಡಿಸದ ಚಿತ್ರ ಒಂದು ಲೆಕ್ಕದಲ್ಲಿ ಬಹಳ ಮುಂದಿದೆ, ಇನ್ನೊಂದರಲ್ಲಿ ಹಿಂದಿದೆ. ಅದನ್ನು ನೋಡಿದವರ ಅಭಿಪ್ರಾಯದಲ್ಲಿ ಎಳ್ಳಷ್ಟೂ ಬದಲಾವಣೆಯಾಗಿಲ್ಲ. ಧೈರ್ಯ ಮಾಡುವ ಚಿತ್ರಗಳೇ ಹೀಗೆ ಎರಡು ಪಾಲಾಗುವುದು ಹೆಚ್ಚು ಎಂಬ ಕಾರಣಕ್ಕೆ ಈ ವಿಷಯ ನನ್ನನ್ನು ಬಹಳ ಕಾಡುತ್ತದೆ.

ಇನ್ನೊಂದು ಅಂಶವಿದೆ. ಬಿಡುಗಡೆಯಾದ ಎಲ್ಲವನ್ನೂ ನೋಡಲೇಬೇಕಾದ ವಿಮರ್ಶಕನ ಸರಾಸರಿ, ತನಗೆ ಬೇಕಾದುದನ್ನು ಆರಿಸಿಕೊಂಡು ನೋಡುವವನ ಸರಾಸರಿಗಿಂತ ಕೆಳಗಿರುವುದು ಸಹಜ. ಒಬ್ಬರ ಮೂರು ಇನ್ನೊಬ್ಬರ ಮೂರಲ್ಲ.

ಉತ್ತರ: ಮರುನೋಟ

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ಚಿತ್ರಗಳನ್ನು ಹಾಸ್ಯ, ಸಾಹಸ ಎಂಬಂಥ ಜಾತಿಗನುಗುಣವಾಗಿ ಅಳೆಯುವುದು ಸುಲಭವೆನಿಸಿದರೂ, ಯಾವ ಚಿತ್ರ ಯಾವ ಜಾತಿಗೆ ಸೇರಿದ್ದೆಂದು ಮೊದಲೇ ನಿರ್ಧರಿಸಿಬಿಟ್ಟರೆ, ಜಾತಿಯ ಗೆರೆಯನ್ನು ದಾಟುವ ಚಿತ್ರಗಳಿಗೆ ಅನ್ಯಾಯವಾಗುತ್ತದೆ. 1967ರಲ್ಲಿ ಬಾನಿ ಅಂಡ್ ಕ್ಲೈಡ್ ಬಂದಾಗ ಆದದ್ದು ಇದೇ. ನಗುವನ್ನೂ ರಕ್ತವನ್ನೂ ಒಟ್ಟಿಗೆ ತಂದ ಆ ಚಿತ್ರವನ್ನು ಕೆಲವು ಹಿರಿಯ ವಿಮರ್ಶಕರು ಕಟುವಾಗಿ ಖಂಡಿಸಿದರು. ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ ಕೂಡ ಮೊದಲು ಅದನ್ನು ತೆಗಳಿ ಬರೆದು, ಮತ್ತೊಮ್ಮೆ ನೋಡಿದ ಮೇಲೆ, ಮುಂದಿನ ಸಂಚಿಕೆಯಲ್ಲೇ ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಂಡರು. ಪಾಲೀನ್ ಕೇಲ್ ದಿ ನ್ಯೂಯಾರ್ಕರ್‌ನಲ್ಲಿ ಅದರ ಪರವಾಗಿ ದೀರ್ಘ ಪ್ರಬಂಧವನ್ನೇ ಬರೆದರು. ಆ ಪ್ರಬಂಧದ ಕೆಳಗೆ ನಕ್ಷತ್ರಗಳಿರಲಿಲ್ಲ, ಅವುಗಳ ಅಗತ್ಯವೂ ಇರಲಿಲ್ಲ.

ಮಾರ್ಗನ್‌ಸ್ಟರ್ನ್ ಮಾಡಿದ್ದನ್ನು ನಾನು ದೊಡ್ಡ ಗುಣವೆಂದು ಭಾವಿಸುತ್ತೇನೆ. ಬಿಡುಗಡೆಯ ದಿನದ ಒತ್ತಡದಲ್ಲಿ, ಒಂದೇ ನೋಟದಲ್ಲಿ ಕೊಟ್ಟ ಅಂಕ ತಾತ್ಕಾಲಿಕವಾದದ್ದು. 1958ರಲ್ಲಿ ಮಿಶ್ರ ಪ್ರತಿಕ್ರಿಯೆ ಪಡೆದ ವರ್ಟಿಗೋ, ಸೈಟ್ ಅಂಡ್ ಸೌಂಡ್ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತಗಣನೆಯಲ್ಲಿ 2012ರಲ್ಲಿ ಮೊದಲ ಸ್ಥಾನಕ್ಕೇರಿತು. 2022ರಲ್ಲಿ ಆ ಸ್ಥಾನ ಮತ್ತೊಂದು ಚಿತ್ರಕ್ಕೆ ಹೋಯಿತು.

ವಿಮರ್ಶಕನ ಸ್ಥಿತಿಯೂ ಅಂಕದೊಳಗೆ ಸೇರಿಕೊಂಡಿರುತ್ತದೆ. ಚಿತ್ರೋತ್ಸವದಲ್ಲಿ ದಿನಕ್ಕೆ ನಾಲ್ಕೈದು ಚಿತ್ರ ನೋಡುವಾಗ, ಸದ್ದಿಲ್ಲದೆ ನಡೆಯುವ ಚಿತ್ರವೊಂದನ್ನು ನಾನು ಆಯಾಸದಿಂದಲೇ ಕೆಳಗಿಳಿಸಿದ್ದೇನೆ. ಎರಡು ವರ್ಷಗಳ ನಂತರ ಮತ್ತೆ ನೋಡಿದಾಗ, ನಿಧಾನವೆಂದು ದೂರಿದ್ದ ದೃಶ್ಯಗಳೇ ಅದರ ಜೀವವಾಗಿದ್ದವು. ನೂರಾರು ಚಿತ್ರ ನೋಡಿದವನಿಗೆ ಹೊಸತನದ ಹಸಿವು ಅತಿಯಾಗಿ, ಪರಿಚಿತ ಕಥೆಯನ್ನು ಅಚ್ಚುಕಟ್ಟಾಗಿ ಹೇಳಿದ ಚಿತ್ರ ಸಪ್ಪೆಯೆನಿಸುವುದೂ ಉಂಟು. ನಮ್ಮ ಕಾವ್ಯಮೀಮಾಂಸೆಯಲ್ಲಿ ಕೃತಿಯೊಂದಿಗೆ ಮನಸ್ಸು ಬೆರೆಸಿ ಸವಿಯಬಲ್ಲವನಿಗೆ ಸಹೃದಯ ಎಂಬ ಮಾತಿದೆಯಲ್ಲ, ಆ ಸಹೃದಯತೆಯನ್ನು ಪ್ರತಿ ಚಿತ್ರದ ಮುಂದೆ ಮತ್ತೆ ಹೊಸದಾಗಿ ತಂದುಕೊಳ್ಳಬೇಕಾಗುತ್ತದೆ. ಅದು ಪ್ರಯಾಸದ ಕೆಲಸ.

ಪ್ರತಿಕ್ರಿಯೆ: ಹೊಸ ಬರಹಗಾರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ನನ್ನ ಎರಡೂ ವಿಮರ್ಶೆಗಳನ್ನು ಮತ್ತೆ ತೆಗೆದು ನೋಡಿದೆ. ಮೊಲದ ಚಿತ್ರದ ಬಗ್ಗೆ, ಅದು ಮಕ್ಕಳ ಭಯವನ್ನು ಹೇಗೆ ಗೌರವದಿಂದ ಕಾಣುತ್ತದೆ ಎಂದು ಒಂದು ದೃಶ್ಯವನ್ನು ಆಧರಿಸಿ ವಿವರವಾಗಿ ಬರೆದಿದ್ದೇನೆ. ದಂಪತಿಯ ಚಿತ್ರದ ಬಗ್ಗೆ "ಉತ್ತರಾರ್ಧ ನಿಧಾನ" ಎಂಬ ಎರಡು ಪದಗಳ ಹೊರತು ಬೇರೆ ಯಾವ ಆಕ್ಷೇಪವನ್ನೂ ಬರೆದಿಲ್ಲ. ಎರಡು ನಕ್ಷತ್ರ ಕಳೆದದ್ದಕ್ಕೆ ನಾನು ಕೊಟ್ಟ ಕಾರಣ ಅಷ್ಟೇ. ಆ ಓದುಗರಿಗೆ ನೋವಾದದ್ದು ಮೊಲಕ್ಕೆ ನಾಲ್ಕು ಸಿಕ್ಕಿತೆಂದಲ್ಲ ಎಂದು ಈಗ ಅನಿಸುತ್ತಿದೆ. ಈ ವಾರ ಆ ಚಿತ್ರವನ್ನು ಮತ್ತೊಮ್ಮೆ ನೋಡಿ, ನಂತರ ಅವರಿಗೆ ಉತ್ತರ ಬರೆಯುತ್ತೇನೆ. ಕೊನೆಯದಾಗಿ ಒಂದು ಸಂದೇಹ: ನಕ್ಷತ್ರಗಳನ್ನು ಯಾವ ಹಂತದಲ್ಲಿ ನಿರ್ಧರಿಸುತ್ತೀರಿ?

ಉತ್ತರ: ಹಿಂದಿನ ಸಾಲು

ಬರೆದು ಮುಗಿಸಿದ ಮೇಲೆ, ಸಾಧ್ಯವಾದರೆ ಒಂದು ರಾತ್ರಿ ಕಳೆದ ಮೇಲೆ. ಮೊದಲೇ ಸಂಖ್ಯೆಯನ್ನು ಇಟ್ಟುಕೊಂಡರೆ ಬರವಣಿಗೆ ಅದಕ್ಕೆ ವಕಾಲತ್ತು ವಹಿಸತೊಡಗುತ್ತದೆ. ಬರೆದದ್ದನ್ನು ಓದಿದಾಗ ಮೂರಕ್ಕೂ ಮೂರೂವರೆಗೂ ನಡುವೆ ಮನಸ್ಸು ತೂಗಾಡಿದರೆ, ಆ ಅರ್ಧಕ್ಕೆ ವಿಮರ್ಶೆಯಲ್ಲಿ ಯಾವ ವಾಕ್ಯ ಆಧಾರವಾಗಿದೆ ಎಂದು ಹುಡುಕುತ್ತೇನೆ. ಅಂಥ ವಾಕ್ಯ ಸಿಗದಿದ್ದರೆ ವಿಮರ್ಶೆಯನ್ನೇ ತಿದ್ದಲು ಕೂರುತ್ತೇನೆ. ಜೊತೆಗೆ, ಕೊಟ್ಟ ಅಂಕಗಳನ್ನೆಲ್ಲ ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಟ್ಟು, ಆರು ತಿಂಗಳಿಗೊಮ್ಮೆ ತಿರುವಿ ಹಾಕುತ್ತೇನೆ. ಒಂದು ಬಗೆಯ ಚಿತ್ರಗಳಿಗೆ ಮಾತ್ರ ನನ್ನ ಕೈ ಬಿಗಿಯಾಗುತ್ತಿರುವುದು ಆ ಪುಸ್ತಕದಿಂದಲೇ ನನಗೆ ತಿಳಿದದ್ದು, ಅವು ಹಾಸ್ಯಚಿತ್ರಗಳು. ದಂಪತಿಯ ಚಿತ್ರವನ್ನು ಮರಳಿ ನೋಡಿದ ಮೇಲೆ ತಮಗೆ ಏನೆನಿಸಿತೆಂದು ಇಲ್ಲಿ ಬರೆಯಿರಿ.