ಬೀಟ್ ಪೊಲೀಸರಿಗೆ ವರ್ಗವಾಗಿದೆ: ಭಜನಾ ಮಂದಿರದಲ್ಲಿ ಸನ್ಮಾನ ಇಟ್ಟುಕೊಳ್ಳಬಹುದೇ?

ಕಡೆಕಾರಿನವ:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೂವತ್ತೈದು ವರ್ಷ ಲೆಕ್ಕ ಬರೆದಿದ್ದೇನೆ, ಕಾಗದ ಬರೆದು ಅಭ್ಯಾಸವಿಲ್ಲ. ಉದ್ದವಾದರೆ ಸಹಿಸಿಕೊಳ್ಳಿ.

ಉಡುಪಿಯ ಹತ್ತಿರದ ನಮ್ಮ ಬೀಟಿನ, ಅಂದರೆ ಗಸ್ತಿನ ವ್ಯಾಪ್ತಿಯ, ಹೆಡ್ ಕಾನ್‌ಸ್ಟೆಬಲ್ ಅವರಿಗೆ ಬಾಗಲಕೋಟೆಗೆ ವರ್ಗವಾಗಿದೆ. ಅವರ ಸ್ವಂತ ಊರಿನ ಕಡೆಗೇ, ಅವರಾಗಿ ಕೇಳಿ ಪಡೆದದ್ದು. ನಾಲ್ಕು ವರ್ಷ ನಮ್ಮಲ್ಲಿದ್ದರು. ಬಂದ ಹೊಸತರಲ್ಲಿ ಅವರ ಕನ್ನಡ ನಮಗೆ ಅರ್ಥವಾಗುತ್ತಿರಲಿಲ್ಲ, ನಮ್ಮ ತುಳು ಅವರಿಗೆ ತಿಳಿಯುತ್ತಿರಲಿಲ್ಲ. ಈಗ ಮೀನು ಮಾರುವ ಅಕ್ಕನ ಜೊತೆ ತುಳುವಿನಲ್ಲಿಯೇ ಚೌಕಾಸಿ ಮಾಡುತ್ತಾರೆ. ಮಕ್ಕಳ ಬಾಯಲ್ಲಿ ಅವರು ‘ಬೀಟಣ್ಣ’. ಇಷ್ಟು ಬಳಕೆಯ ಮನುಷ್ಯ ಹೋಗುವ ಸುದ್ದಿ ನನಗೆ ಸಿಕ್ಕಿದ್ದು ಹಾಲಿನ ಡೈರಿಯ ಸಾಲಿನಲ್ಲಿ, ಅದೂ ಮೂರನೆಯವರ ಬಾಯಿಂದ.

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ವರ್ಷ ನಾನೂ ನನ್ನಾಕೆಯೂ ಮಗಳ ಮನೆಗೆಂದು ಐದು ತಿಂಗಳು ಅಮೆರಿಕಕ್ಕೆ ಹೋಗಿದ್ದೆವು. ಹೊರಡುವ ಮುಂಚೆ ಬೀಗ ಹಾಕಿದ ಮನೆಗಳ ಪಟ್ಟಿಯಲ್ಲಿ ನಮ್ಮ ಹೆಸರು ಬರೆಸಿದ್ದೆ. ಹದಿನೈದು ದಿನಕ್ಕೊಮ್ಮೆ ಅವರಿಂದ ಮೊಬೈಲಿಗೆ ಗೇಟಿನ ಒಂದು ಫೋಟೋ ಬರುತ್ತಿತ್ತು, ಮಾತಿಲ್ಲ ಕತೆಯಿಲ್ಲ. ಜುಲೈ ತಿಂಗಳ ಒಂದು ಫೋಟೋದಲ್ಲಿ ತುಳಸಿಕಟ್ಟೆಯ ಮೇಲೆ ತೆಂಗಿನ ಮಡಲು ಬಿದ್ದಿತ್ತು. ಮುಂದಿನ ಫೋಟೋದಲ್ಲಿ ಅದೇ ಮಡಲು ಕಂಪೌಂಡಿಗೆ ಒರಗಿ ನಿಂತಿತ್ತು. ಆ ಎರಡು ಫೋಟೋಗಳನ್ನು ನನ್ನಾಕೆ ಇನ್ನೂ ಅಳಿಸಿಲ್ಲ.

ಅಮೆರಿಕದ ಮಾತು ಯಾಕೆ ಬಂತೆಂದರೆ, ಮಗಳಿರುವುದು ಒಹಾಯೊದಲ್ಲಿ. ಅಲ್ಲಿ ಪ್ರತಿ ಕೌಂಟಿಗೂ ಒಬ್ಬ ಶೆರಿಫ್. ನಮ್ಮ ಎಸ್‌ಪಿಯ ಹಾಗೆ ಸರಕಾರ ನೇಮಿಸಿದವರಲ್ಲ. ನಾಲ್ಕು ವರ್ಷಕ್ಕೊಮ್ಮೆ ಜನರು ಮತ ಹಾಕಿ ಆರಿಸುತ್ತಾರೆ. ಜೈಲು ನೋಡಿಕೊಳ್ಳುವುದು, ಕೋರ್ಟಿನ ಸಮನ್ಸ್ ಮುಟ್ಟಿಸುವುದು, ಹಳ್ಳಿ ಕಡೆ ಗಸ್ತು, ಎಲ್ಲವೂ ಅದೇ ಕಚೇರಿಯ ಕೆಲಸ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು ಯಾವುದೂ ಅಲ್ಲ, ಅವರು ಫೇಸ್‌ಬುಕ್ಕಿನಲ್ಲಿ ಹಾಕುವ ಮನೆವಾರ್ತೆ. ಇಂದು ಹೊಸ ಡೆಪ್ಯುಟಿ ಪ್ರಮಾಣವಚನ ಸ್ವೀಕರಿಸಿದರು, ಎದೆಗೆ ಬಿಲ್ಲೆ ಚುಚ್ಚಿದ್ದು ಅವರ ತಾಯಿ. ಇಂತಹ ಅಧಿಕಾರಿ ಇಪ್ಪತ್ತು ವರ್ಷ ಸೇವೆ ಮುಗಿಸಿದರು. ಪೊಲೀಸ್ ನಾಯಿಗೆ ನಿವೃತ್ತಿ, ಇನ್ನು ಅದು ತನ್ನ ಹ್ಯಾಂಡ್ಲರನ ಮನೆಯಲ್ಲೇ ಇರುತ್ತದೆ. ನಾಯಿಯ ಪೋಸ್ಟಿನ ಕೆಳಗೆ ಊರವರೆಲ್ಲ ಸಾಲುಗಟ್ಟಿ ಶುಭಾಶಯ ಬರೆದಿದ್ದರು! ಆಗಸ್ಟಿನ ಮೊದಲ ಮಂಗಳವಾರ ಪಾರ್ಕಿನಲ್ಲಿ ‘ನ್ಯಾಷನಲ್ ನೈಟ್ ಔಟ್’ ನಡೆಯಿತು. 1984ರಿಂದ ಅಲ್ಲಿನ ಊರೂರುಗಳಲ್ಲಿ ನಡೆದು ಬಂದ ರೂಢಿಯಂತೆ. ಪೊಲೀಸರೂ ನೆರೆಕರೆಯವರೂ ಒಂದು ಸಂಜೆ ಒಟ್ಟಿಗೆ ಕುಳಿತು ತಿನ್ನುವುದು, ಅಷ್ಟೇ ಕಾರ್ಯಕ್ರಮ. ಮೊಮ್ಮಗ ಗಸ್ತಿನ ಕಾರಿಗೆ ಹತ್ತಿ ಸೈರನ್ ಒತ್ತಿದ, ಇಳಿಯಲು ಒಪ್ಪಲಿಲ್ಲ.

ಅದನ್ನು ನೋಡಿ ಬಂದ ಹುರುಪಿನಲ್ಲಿ ಇಲ್ಲಿ ನಾನೇ ಬಾಯಿ ಹಾಕಿದೆ: ಬೀಟಣ್ಣನಿಗೆ ಭಜನಾ ಮಂದಿರದಲ್ಲಿ ಒಂದು ಸನ್ಮಾನ ಇಟ್ಟುಕೊಳ್ಳೋಣ ಎಂದು. ಬಾಯಿ ಹಾಕಿದ್ದಷ್ಟೇ ನಾನು. ಈಗ ವೇದಿಕೆ, ಶಾಲು, ಹಾರ, ಫಲಪುಷ್ಪ, ಬೆಳ್ಳಿಯ ಕೃಷ್ಣ, ಇಬ್ಬರು ಅತಿಥಿಗಳು ಎಂದು ಬೆಳೆದು ನಿಂತಿದೆ. 11,400 ರೂಪಾಯಿ ಒಟ್ಟಾಗಿ ನನ್ನ ಕೈಯಲ್ಲಿದೆ. ಫ್ಲೆಕ್ಸಿನ ನಮೂನೆ ನಿನ್ನೆ ಬಂತು. ಅದರಲ್ಲಿ ಸನ್ಮಾನಿತರ ಮುಖಕ್ಕಿಂತ ಮಂದಿರದ ಅಧ್ಯಕ್ಷರ ಮುಖ ದೊಡ್ಡದಿದೆ. ನನಗೆ ಯಾಕೋ ಅಳುಕು. ಬೆಳ್ಳಿ ಕೊಟ್ಟು ಆ ಮನುಷ್ಯನನ್ನೇ ತೊಂದರೆಗೆ ಸಿಕ್ಕಿಸಿದ ಹಾಗಾದರೆ? ಇಂತಹದ್ದಕ್ಕೆ ನಿಯಮ ಏನಾದರೂ ಇದೆಯೇ? ಇನ್ನೊಂದು, ಹೋಗುವವರು ಯಾರು, ಬರುವವರು ಯಾರು ಎಂದು ಠಾಣೆಯಿಂದಲೇ ತಿಳಿದುಕೊಳ್ಳಲು ದಾರಿ ಉಂಟೇ?

ಹಳೆಯ ಟೋಪಿ:

ಅಳುಕಿದ್ದು ಒಳ್ಳೆಯದಾಯಿತು. ನಾನು ಇದೇ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತನಾದವನು, ಹಾಗಾಗಿ ಖಾತರಿಯಿಂದ ಹೇಳುತ್ತೇನೆ.

ಸರಕಾರಿ ನೌಕರರಿಗೆ ನಡತೆ ನಿಯಮಗಳಿವೆ. ನಮ್ಮ ಕಾಲದಲ್ಲಿ 1966ರದ್ದು ಇತ್ತು, 2021ರಲ್ಲಿ ಹೊಸದು ಬಂತು. ತನ್ನ ಗೌರವಾರ್ಥ ನಡೆಯುವ ಸಭೆಗೆ ನೌಕರ ಮುಂಚಿತವಾಗಿ ಅನುಮತಿ ಪಡೆಯದೆ ಹೋಗುವ ಹಾಗಿಲ್ಲ, ಮಾನಪತ್ರ ಸ್ವೀಕರಿಸುವ ಹಾಗಿಲ್ಲ. ಆದರೆ ವರ್ಗ ಅಥವಾ ನಿವೃತ್ತಿಯ ಹೊತ್ತಿನಲ್ಲಿ ನಾಲ್ಕು ಜನ ಸೇರಿ ಖಾಸಗಿಯಾಗಿ, ಗದ್ದಲವಿಲ್ಲದೆ ಬೀಳ್ಕೊಟ್ಟರೆ ಅದಕ್ಕೆ ಅಡ್ಡಿಯಿಲ್ಲ. ಉಡುಗೊರೆಯ ವಿಷಯವೂ ಅದೇ ಧಾಟಿಯಲ್ಲಿದೆ. ಅಪರೂಪಕ್ಕೊಂದು ಊಟ, ಕಾಫಿ ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ. ಬೆಳ್ಳಿಯ ಕೃಷ್ಣ ಬರುತ್ತಾನೆ. ಆ ಕೃಷ್ಣ ಉಡುಪಿಯಲ್ಲೇ ಇರಲಿ.

ಫ್ಲೆಕ್ಸ್ ಬೇಡವೇ ಬೇಡ. ಅವರು ಹೊಸ ಜಿಲ್ಲೆಯಲ್ಲಿ ಹಾಜರಾಗುವ ಮೊದಲೇ ಫ್ಲೆಕ್ಸಿನ ಫೋಟೋ ಅಲ್ಲಿಗೆ ತಲುಪಿರುತ್ತದೆ.

ಸುದ್ದಿ ತಿಳಿಯುವ ಬಗ್ಗೆ: ವರ್ಗದ ಆದೇಶ ಬಂದರೂ ಠಾಣೆಯಿಂದ ಬಿಡುಗಡೆಯಾದ ಮೇಲೆಯೇ ಮನುಷ್ಯ ಹೋದ ಲೆಕ್ಕ. ಈಗ 2026ರ ಜನವರಿ 18ರ ಪರ್ಯಾಯದ (ಕೃಷ್ಣಮಠದ ಪೂಜೆಯ ಅಧಿಕಾರ ಕೈ ಬದಲಾಗುವ ಉತ್ಸವ) ಬಂದೋಬಸ್ತ್ ಎದುರಿಗಿದೆ. ಇನ್ಸ್‌ಪೆಕ್ಟರರು ಅಲ್ಲಿಯವರೆಗೆ ತಡೆಹಿಡಿದರೂ ಆಶ್ಚರ್ಯವಿಲ್ಲ. ಠಾಣೆಗೆ ಹೋಗಿ, ಅಲ್ಲಿ ದಾಖಲೆ ಬರೆಯುವ ಬರಹಗಾರರನ್ನು ಕೇಳಿ, ಗುಟ್ಟೇನೂ ಅಲ್ಲ. 2017ರಲ್ಲಿ ಬೀಟ್ ಪದ್ಧತಿಯನ್ನು ಹೊಸದಾಗಿ ಹೆಣೆದಾಗ ಪ್ರತಿ ಬೀಟಿಗೂ ಒಬ್ಬ ಪೊಲೀಸ್, ಜೊತೆಗೆ ಊರಿನ ಸದಸ್ಯರು ಎಂದಾಯಿತು. ನಿಮ್ಮಲ್ಲಿಯೂ ಅಂತಹ ಒಂದು ಪಟ್ಟಿ ಇರಬೇಕು, ಅದರಲ್ಲಿ ನಿಮ್ಮ ಹೆಸರು ಇದೆಯೇ ನೋಡಿ. ನೀವು ಅಮೆರಿಕದಲ್ಲಿದ್ದಾಗ, 2025ರ ಜುಲೈಯಲ್ಲಿ, ‘ಮನೆ ಮನೆಗೆ ಪೊಲೀಸ್’ ಕೂಡ ಶುರುವಾಗಿದೆ. ಹೊಸಬರು ಹೇಗೂ ನಿಮ್ಮ ಬಾಗಿಲಿಗೆ ಬರುವವರೇ.

ಸಿಬ್ಬಂದಿಯ ಸುದ್ದಿ ಎಂದಿರಲ್ಲ, ನನ್ನ ಪಾಲಿಗೆ ಈ ವರ್ಷದ ದೊಡ್ಡ ಸುದ್ದಿ ಟೋಪಿಯದ್ದು. ಅಕ್ಟೋಬರದಲ್ಲಿ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಬಂತು, ಒಂದು ಬದಿ ಮಡಚಿದ ಆ ಸ್ಲೌಚ್ ಹ್ಯಾಟ್ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಹೊತ್ತ ತಲೆ ಇದು. ಮಲ್ಪೆಯ ಕಡಲ ಕಿನಾರೆಯಲ್ಲಿ ಡ್ಯೂಟಿ ಬಿದ್ದರೆ ಗಲ್ಲದ ಪಟ್ಟಿ ಬಿಗಿಯದೆ ನಿಲ್ಲುವ ಹಾಗಿರಲಿಲ್ಲ. ಗಾಳಿಗೆ ಹಾರಿದ ಟೋಪಿಯ ಹಿಂದೆ ಪೊಲೀಸ್ ಓಡಿದರೆ ನೋಡುವವರಿಗೆ ಹಬ್ಬ. ಮಳೆಯಲ್ಲಿ ನೆನೆದರೆ ಒಣಗಲು ಎರಡು ದಿನ, ಅಲ್ಲಿಯವರೆಗೆ ಒದ್ದೆ ನಾಯಿಯ ವಾಸನೆ. ಹೋದದ್ದಕ್ಕೆ ನನಗೆ ಬೇಸರವಿಲ್ಲ. ಹಾಗಿದ್ದರೂ ನನ್ನದೊಂದು ಅಟ್ಟದಲ್ಲಿ ಇದೆ.

ಪಡುಕೆರೆ ಅಕ್ಕ:

ಅಣ್ಣಾ, ಊರೊಳಗಿನ ಬೀಟಿನವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಕಡಲ ಬದಿಯವರ ಹೆಸರನ್ನು ಯಾರೂ ಎತ್ತುವುದಿಲ್ಲ. ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಇರುವುದೇ ನಮ್ಮ ಮಲ್ಪೆಯಲ್ಲಿ, ಆದರೂ 1093 ಎಂಬ ನಂಬರು ಉಡುಪಿ ಪೇಟೆಯವರಿಗೆ ಎಷ್ಟು ಮಂದಿಗೆ ಗೊತ್ತು?

ನನ್ನ ಗಂಡ ಬೋಟಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಅವರು ಬಲೆ ಹೆಣೆಯುತ್ತಾ ಶೆಡ್ಡಿನಲ್ಲಿ ಇರುತ್ತಾರೆ. ಕಾವಲು ಪೊಲೀಸರು ಬಂದು ಅಲ್ಲಿಯೇ ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತು ಮಾತನಾಡುತ್ತಾರೆ. ಯಾವ ಬೋಟು ಹೊಸದು, ಯಾರು ಹೊರಗಿನಿಂದ ಬಂದ ಕಲಾಸಿಗಳು (ಬೋಟಿನ ಕೆಲಸದವರು), ಲೈಫ್ ಜಾಕೆಟ್ ಇದೆಯೇ, ಇಂತಹದ್ದೇ ಮಾತು. ಭಾಷಣಕ್ಕೆ ಕರೆದರೆ ನಮ್ಮವರು ಬಾಯಿ ಬಿಡುವವರಲ್ಲ. ಬಲೆಯ ಎದುರು ಕುಳಿತರೆ ಎಲ್ಲವನ್ನೂ ಹೇಳುತ್ತಾರೆ, ಕೇಳದ್ದನ್ನೂ ಹೇಳುತ್ತಾರೆ.

ನಿಮ್ಮ ಬೀಟಣ್ಣನನ್ನೂ ವೇದಿಕೆಗೆ ಹತ್ತಿಸಬೇಡಿ. ಅವರು ದಿನಾ ನಿಲ್ಲುತ್ತಿದ್ದ ಜಾಗ ಯಾವುದು? ಅಲ್ಲಿಯೇ ಚಾ ಕೊಡಿ.

ಕದ್ರಿಯ ತಕರಾರು:

ಮಂಗಳೂರಿನವನ ಒಂದು ತಕರಾರು, ಸಿಟ್ಟಾಗಬೇಡಿ. ನಮ್ಮಲ್ಲಿ 2010ರಲ್ಲಿ ಕಮಿಷನರೇಟ್ ಬಂತು. ಠಾಣೆಗಳು, ಅಧಿಕಾರಿಗಳು ಹೆಚ್ಚಾದರು, ಜೊತೆಗೆ ಸನ್ಮಾನ ಮಾಡುವ ಸಂಘಗಳೂ ಹೆಚ್ಚಾದವು. ಒಂದು ಅಂಗಡಿಯ ಗಲ್ಲಾದ ಹಿಂದಿನ ಗೋಡೆಯಲ್ಲಿ ನಾನೇ ನೋಡಿದ್ದೇನೆ: ದೇವರ ಪಟ ಒಂದು, ಅಧಿಕಾರಿಗಳಿಗೆ ಶಾಲು ಹೊದಿಸುತ್ತಿರುವ ಮಾಲೀಕರ ಪಟ ಐದು. ಅಂಗಡಿಯ ಮುಂದೆ ಫುಟ್‌ಪಾತಿನ ಮೇಲೆ ಅವರದೇ ಎರಡು ಗಾಡಿಗಳು. ಶಾಲು ಹೊದೆಸಿಕೊಂಡವರಿಗೆ ಆ ಗಾಡಿಗೆ ದಂಡ ಹಾಕಲು ಕೈ ಬರುತ್ತದೆಯೇ? ನಿಮ್ಮ ಮನಸ್ಸಿನಲ್ಲಿ ಅಂತಹದ್ದು ಇಲ್ಲವೆಂದು ನನಗೆ ಗೊತ್ತು. ಫ್ಲೆಕ್ಸಿನಲ್ಲಿ ದೊಡ್ಡ ಮುಖ ಇರುವವರ ಮನಸ್ಸಿನಲ್ಲಿ ಏನಿದೆ ಎಂದು ನಿಮಗೆ ಗೊತ್ತೇ?

ಅಮೆರಿಕದ್ದನ್ನೂ ಪೂರ್ತಿ ನಂಬಬೇಡಿ. ಮತ ಕೇಳಬೇಕಾದ ಶೆರಿಫ್ ನಾಯಿಯ ಫೋಟೋ ಹಾಕದೆ ಇರುತ್ತಾರೆಯೇ? ಹಿಂದೆ ಬೊಂಬಾಯಿ, ಕಲ್ಕತ್ತಾಗಳಲ್ಲಿ ಬ್ರಿಟಿಷರ ಕಾಲದಿಂದ ಬಂದ ಶೆರಿಫ್ ಹುದ್ದೆ ನಮ್ಮ ದೇಶದಲ್ಲೂ ಇತ್ತು. ಅದು ಬರೀ ಗೌರವದ ಪದವಿ, ಕಳ್ಳನನ್ನು ಹಿಡಿಯುವ ಕೆಲಸ ಅವರದಲ್ಲ. ಹೆಸರು ಒಂದೇ ಆದರೂ ಅಲ್ಲಿಯ ಕತೆಯೇ ಬೇರೆ, ಇಲ್ಲಿಯದೇ ಬೇರೆ.

ಶಿರ್ವದ ಟೀಚರ್:

ಮಕ್ಕಳಿಂದ ಕಾಗದ ಬರೆಸಿ ಕೊಡಿ. ಅದಕ್ಕೆ ಯಾವ ನಿಯಮವೂ ಅಡ್ಡ ಬರಲಿಕ್ಕಿಲ್ಲ. ‘ತೆರೆದ ಮನೆ’ ಕಾರ್ಯಕ್ರಮಕ್ಕೆ ನಮ್ಮ ಮಕ್ಕಳನ್ನು ಠಾಣೆಗೆ ಕರೆದುಕೊಂಡು ಹೋಗಿದ್ದಾಗ ಲಾಕಪ್ ಖಾಲಿ ಇದ್ದದ್ದಕ್ಕೆ ಒಬ್ಬ ಹುಡುಗನಿಗೆ ಬಹಳ ನಿರಾಸೆಯಾಗಿತ್ತು. ಅದನ್ನೇ ಧನ್ಯವಾದ ಪತ್ರದಲ್ಲಿ ಬರೆದ. ನಾವು ತಿದ್ದಲಿಲ್ಲ. ಆ ಪತ್ರ ಠಾಣೆಯ ಗಾಜಿನ ಕೆಳಗೆ ಇನ್ನೂ ಇದೆಯಂತೆ.

ಕಡೆಕಾರಿನವ:

ಎಲ್ಲರಿಗೂ ಉಪಕಾರ. ಹೀಗೆ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಫ್ಲೆಕ್ಸ್ ರದ್ದು, ವೇದಿಕೆ ರದ್ದು. ಅಧ್ಯಕ್ಷರಿಗೆ ಎಎಸ್‌ಐಯವರು ಬರೆದದ್ದನ್ನು ಇದ್ದ ಹಾಗೆಯೇ ಓದಿ ಹೇಳಿದೆ. ನಿಯಮ ಎಂಬ ಶಬ್ದ ಕೇಳಿದ ಮೇಲೆ ಅವರಿಗೆ ಆ ದಿನ ಬೇರೆ ಮದುವೆ ಇದೆಯೆಂದು ನೆನಪಾಯಿತು.

ಬೀಟಣ್ಣ ದಿನವೂ ಬೈಕ್ ನಿಲ್ಲಿಸುತ್ತಿದ್ದದ್ದು ಭಜನಾ ಮಂದಿರದ ಎದುರಿನ ಅಶ್ವತ್ಥಕಟ್ಟೆಯ ಬಳಿ. ಭಾನುವಾರ ಸಂಜೆ ಅಲ್ಲಿಯೇ ಹತ್ತಿಪ್ಪತ್ತು ಮಂದಿ ಸೇರಿದೆವು. ಗೋಳಿಬಜೆ, ಚಾ. ಹೊಸ ನೀಲಿ ಕ್ಯಾಪನ್ನು ಕಟ್ಟೆಯ ಮೇಲೆ ಇಟ್ಟದ್ದೇ ತಡ, ಅದು ಮಕ್ಕಳ ತಲೆಯಿಂದ ತಲೆಗೆ ಹೋಯಿತು. ಮಾತನಾಡಿ ಎಂದರೆ ಅವರು ಎದ್ದು ನಿಂತು, “ನಾನು ಬಂದಾಗ ಇಲ್ಲಿಯ ಮಳೆ ನೋಡಿ ಒಂದು ತಿಂಗಳಿಗೆ ಓಡಿಹೋಗುತ್ತೇನೆ ಎಂದುಕೊಂಡಿದ್ದೆ” ಎಂದರು. ಮತ್ತೆ ಏನೋ ಹೇಳಹೊರಟು ಗೋಳಿಬಜೆಯ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿ ಕುಳಿತರು. ಮೂಲೆಮನೆಯ ಅಜ್ಜಿ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ತಂದಿದ್ದರು. ಬೇಡ ಎನ್ನಬಾರದು ಮಗಾ, ಊರಿಗೆ ಹೋಗಿ ರೊಟ್ಟಿಗೆ ಹಚ್ಚಿಕೊಂಡು ತಿನ್ನು ಎಂದರು. ಎಎಸ್‌ಐಯವರೇ, ಉಪ್ಪಿನಕಾಯಿ ಯಾವ ಲೆಕ್ಕಕ್ಕೆ ಬರುತ್ತದೋ ನೀವು ಕೇಳಬೇಡಿ, ನಾನು ಹೇಳುವುದಿಲ್ಲ.

ಹೊಸದಾಗಿ ಬೀಟಿಗೆ ಬಂದವರನ್ನೂ ಅವರೇ ಕರೆದುಕೊಂಡು ಬಂದಿದ್ದರು. ಮಹಿಳಾ ಕಾನ್‌ಸ್ಟೆಬಲ್, ಇನ್ನೂ ಚಿಕ್ಕ ವಯಸ್ಸು, ಕುಂದಾಪುರದ ಕಡೆಯ ಮಾತು. ನಾವೆಲ್ಲ ಚಾ ಕುಡಿಯುತ್ತಿರುವಾಗ ಹಳಬರು ಅವರಿಗೆ ಕಟ್ಟೆಯಿಂದಲೇ ಕೈ ತೋರಿಸಿ ಮನೆಗಳನ್ನು ಹೇಳುತ್ತಿದ್ದರು: ಅದು ದುಬಾಯಿಯವರ ಮನೆ, ಬೀಗ. ಅಲ್ಲಿ ಅಜ್ಜಿ ಒಬ್ಬರೇ, ಕಿವಿ ಮಂದ, ಬಾಗಿಲು ಬಡಿಯುವುದಲ್ಲ, ಕಿಟಕಿಯ ಬಳಿ ಕರೆಯಬೇಕು. ಆ ಮನೆಯ ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಪಕ್ಕದ ಮನೆಯದ್ದು ಬೊಗಳುವುದಿಲ್ಲ. ಆಕೆ ಪುಸ್ತಕದಲ್ಲಿ ಬರೆದುಕೊಂಡರು. ಪಕ್ಕದ ಮನೆಯ ನಾಯಿಯ ಕೆಳಗೆ ಎರಡು ಗೆರೆ ಎಳೆದದ್ದನ್ನು ನಾನು ನೋಡಿದೆ.

ಮಂದಿರದ ಬೋರ್ಡಿನಲ್ಲಿ ಹಳೆಯ ನಂಬರು ಅಳಿಸಿ ಹೊಸದು ಬರೆಸಿದ್ದೇವೆ, ಕೆಳಗೆ 112 ಮತ್ತು ಪಡುಕೆರೆ ಅಕ್ಕನ 1093 ಕೂಡ. 11,400 ರೂಪಾಯಿಯಲ್ಲಿ ಚಾ ತಿಂಡಿಗೆ ಒಂದು ಕಾಸೂ ಮುಟ್ಟಿಲ್ಲ, ಅದು ನನ್ನ ಖರ್ಚು. ಕೊಟ್ಟವರಿಗೆಲ್ಲ ವಾಪಸು ಕೊಟ್ಟು ಸಹಿ ಹಾಕಿಸಿಕೊಂಡಿದ್ದೇನೆ. ಅಧ್ಯಕ್ಷರ 2,000 ಮಾತ್ರ ಇನ್ನೂ ನನ್ನಲ್ಲಿದೆ, ಫೋನ್ ಎತ್ತುತ್ತಿಲ್ಲ.