ರೊಟ್ಟಿ ಮಾಡುವ ಸಂಘಕ್ಕೆ ಭೇಟಿ: ಊಟ, ಫೋಟೊ ಆಚೆಗೆ ಏನು?

ಮಸಾಲೆಡಬ್ಬಿ:
ಬೆಂಗಳೂರಿನಲ್ಲಿ ಸಣ್ಣ ಉದ್ಯಮ ನಡೆಸುವ ಹನ್ನೆರಡು ಹೆಂಗಸರ ಗುಂಪು ನಮ್ಮದು. ಕೆಲವರದು ದಿನಸಿ ಅಂಗಡಿ, ಇಬ್ಬರದು ಕೇಟರಿಂಗ್, ಉಳಿದವರು ಆನ್‌ಲೈನ್‌ನಲ್ಲಿ ಚಟ್ನಿಪುಡಿ, ಹಪ್ಪಳ ಮಾರುತ್ತಾರೆ. ವಿಜಯಪುರದ ಕಡೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುವ ಸ್ವಸಹಾಯ ಸಂಘಕ್ಕೆ ಫೆಬ್ರುವರಿಯಲ್ಲಿ ಹೋಗುವ ಯೋಚನೆ. ಖರೀದಿಯ ನಂಟು ಬೆಳೆಯಬೇಕು. ಯಾರನ್ನು ಹಿಡಿಯಬೇಕು, ಏನು ನೋಡಬೇಕು?

ಒಕ್ಕೂಟದಕ್ಕ:
ಫೆಬ್ರುವರಿ ಬ್ಯಾಡ್ರಿ ಅಕ್ಕಾರ. ಹಿಂಗಾರಿ ಜೋಳದ ಕೊಯ್ಲು, ರಾಶಿ ಎಲ್ಲಾ ಅದೇ ಹೊತ್ತಿಗೆ ಬರ್ತದ. ಹೊಲ ಬಿಟ್ಟು ನಿಮ್ಮ ಮುಂದ ಕುಂತ್ರ ಅವರ ಒಂದಿನದ ಕೂಲಿ ಹೋಗ್ತದ. ಏಪ್ರಿಲ್‌ದಾಗ ಹೊಸ ಜೋಳ ಮನಿಗೆ ಬಂದಿರ್ತದ, ಆದ್ರೂ ತಾರೀಖು ಅವರೇ ಹೇಳ್ಲಿ.

ಸ್ವಸಹಾಯ ಸಂಘಗೋಳಿಗಿರೂ ಸರ್ಕಾರದ ಸಂಜೀವಿನಿ ಯೋಜನಾದಾಗ ಗ್ರಾಮ ಪಂಚಾಯಿತಿಗೊಂದು ಈ ಸಂಘಗೋಳ ಮಹಿಳಾ ಒಕ್ಕೂಟ ಇರ್ತದ. ಅಲ್ಲಿ ಎಂಬಿಕೆ, ಅಂದ್ರ ಮುಖ್ಯ ಪುಸ್ತಕ ಬರಹಗಾರ್ತಿಗೆ ಮೊದಲ ಫೋನ್ ಮಾಡ್ರಿ. ಯಾವ ಸಂಘ ಏನು ಮಾಡ್ತದ, ಲೆಕ್ಕ ಯಾರದು ನೆಟ್ಟಗದ ಅನ್ನೂದು ಆಕಿಗೆ ಗೊತ್ತು. ಹನ್ನೆರಡು ಮಂದಿ ಒಂದೇ ಅಡಿಗಿಮನ್ಯಾಗ ಹಿಡ್ಸೂದಿಲ್ಲ, ನಾಲ್ಕು ನಾಲ್ಕು ಮಂದಿ ಬ್ಯಾರೆ ಬ್ಯಾರೆ ಮನಿಗೆ ಹೋಗ್ರಿ. ಊಟಕ್ಕ ದುಡ್ಡು ಕೊಡ್ರಿ. ಶಾಲು, ಸನ್ಮಾನದಾಗ ಅರ್ಧ ದಿನ ಹಾಳಾಗ್ತದ.

ಕಡಕ್‌ರೊಟ್ಟಿ:
ರೊಟ್ಟಿ ಬಡಿಯುವುದು ಬೆಳಗಿನ ಜಾವ. ಹತ್ತು ಗಂಟೆಗೆ ಹೋದರೆ ಜೋಡಿಸಿಟ್ಟ ರೊಟ್ಟಿ ಮಾತ್ರ ಕಾಣುತ್ತದೆ. ಹಿಂದಿನ ರಾತ್ರಿಯೇ ತಾಲ್ಲೂಕು ಊರಿನಲ್ಲಿ ಉಳಿಯಿರಿ.

ಮೊದಲು ಕೇಳಬೇಕಾದದ್ದು ಹಿಟ್ಟು ಬೀಸಿಸಿದ್ದು ಯಾವಾಗ ಅಂತ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಸರು ಎಷ್ಟೇ ಕಾಯ್ದಿದ್ದರೂ ಬಡಿಯುವಾಗ ಅಂಚು ಬಿರಿಯುತ್ತದೆ. ಆ ಬಿರುಕಿನಲ್ಲೇ ಆಮೇಲೆ ಪಾರ್ಸೆಲ್‌ನಲ್ಲಿ ಒಡೆಯುತ್ತದೆ. ಎರಡನೆಯದು ಆರಿಸುವ ಜಾಗ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಹಬೆ ಒಳಗೇ ಉಳಿದು ಮೆತ್ತಗಾಗುತ್ತದೆ, ಪ್ಯಾಕೆಟ್‌ನಲ್ಲಿ ಬೂಸ್ಟು ಹಿಡಿಯುತ್ತದೆ. ಮಧ್ಯದಲ್ಲಿ ಮುರಿದು ನೋಡಿ: ಟಪ್ಪೆಂದು ಮುರಿಯಬೇಕು, ಬಾಗಿದರೆ ತೇವವಿದೆ. ಸುದ್ದಿಪತ್ರಿಕೆ ರೊಟ್ಟಿಗೆ ತಾಗಬಾರದು, ಮಸಿ ಹತ್ತುತ್ತದೆ.

ಚಟ್ನಿಗೆ ಬಳಸುವ ಶೇಂಗಾವನ್ನು ಹುರಿಯುವ ಮುಂಚೆಯೇ ನೋಡಿ. ಕಪ್ಪಾದ, ಸುಕ್ಕುಗಟ್ಟಿದ ಬೀಜ ಆರಿಸಿ ತೆಗೆಯುತ್ತಾರಾ? ಅಂಥವುಗಳಲ್ಲೇ ಶಿಲೀಂಧ್ರದ ವಿಷ, ಅಫ್ಲಾಟಾಕ್ಸಿನ್, ಇರುವ ಸಾಧ್ಯತೆ ಹೆಚ್ಚು; ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹಸಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿ ರುಚಿ, ಆದರೆ ಬಾಳಿಕೆ ಕಡಿಮೆ.

ವಾಪಸು ಬಂದಮೇಲೆ 50 ರೊಟ್ಟಿಯನ್ನು ಮುಂದೆ ಸರಕು ಬರುವ ಗಾಡಿಯಲ್ಲೇ ತರಿಸಿ, ಮುರಿದದ್ದೆಷ್ಟು ಎಣಿಸಿ. ಆ ನಷ್ಟ ಯಾರದೆಂದು ಮೊದಲ ಆರ್ಡರ್‌ಗೆ ಮುಂಚೆಯೇ ಬರೆದಿಡಿ.

ಲೆಕ್ಕದಪುಸ್ತಕ:
ದರದ ಮಾತು ಒಲೆ ಮುಂದೆ ಬೇಡ, ಸಂಘದ ಸಭೆಯಲ್ಲಿ ಎಲ್ಲರ ಎದುರಿಗೆ ಆಗಲಿ. ಕಿಲೋ ಹಿಟ್ಟಿಗೆ ದಪ್ಪ, ಅಗಲ ನೋಡಿಕೊಂಡು ಸುಮಾರು 20ರಿಂದ 25 ರೊಟ್ಟಿ. ಜೋಳ, ಗಿರಣಿ, ಸೌದೆ ಅಥವಾ ಗ್ಯಾಸ್, ಪ್ಯಾಕಿಂಗ್ ಎಲ್ಲ ಬರೆಯುತ್ತಾರೆ. ತಮ್ಮ ಕೂಲಿ ಬರೆಯುವುದಿಲ್ಲ. ನೀವೇ ಕೇಳಿ ಬರೆಸಿ. ಕೂಲಿಯಿಲ್ಲದ ದರಕ್ಕೆ ಒಪ್ಪಿದ ಸಂಘ ಕೂಲಿ ಸಿಗುವ ಕಡೆ ಹೊರಟುಬಿಡುತ್ತದೆ, ನಿಮ್ಮ ಸರಕು ನಿಲ್ಲುತ್ತದೆ.

ಅರ್ಧ ಮುಂಗಡ ಕೊಡಿ, ಇಲ್ಲದಿದ್ದರೆ ಜೋಳಕ್ಕೇ ಸಾಲ ಮಾಡುತ್ತಾರೆ. ಹಣ ಸಂಘದ ಬ್ಯಾಂಕ್ ಖಾತೆಗೇ ಹೋಗಲಿ. ಒಬ್ಬರ ಫೋನ್‌ಪೇಗೆ ಹಾಕಿದರೆ ಅದೇ ಜಗಳದ ಬೀಜ. ಸಂಘಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ) ಇಲ್ಲದಿದ್ದರೆ ಕೂತು ಮಾಡಿಸಿ, ಶುಲ್ಕವಿಲ್ಲ. ಅದಾದಮೇಲೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕೆಂಬ ಕಾನೂನು ನಿಮಗೂ ಅನ್ವಯಿಸುತ್ತದೆ. ನಿಮ್ಮ ಬ್ರ್ಯಾಂಡಿನಲ್ಲಿ ಮಾರುವವರು ಸಂಘದ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಕೇಳಿ.

ಒಮ್ಮೆಗೇ 5,000 ರೊಟ್ಟಿ ಕೇಳಬೇಡಿ. ಹದಿನೈದು ದಿನಕ್ಕೊಮ್ಮೆ 500, ತಪ್ಪದೆ.

ಮಸಾಲೆಡಬ್ಬಿ:
ಏಪ್ರಿಲ್ ಅಂದರೆ ನಮ್ಮ ಕೇಟರಿಂಗ್‌ನವರಿಗೆ ಮದುವೆ ಗಡಿಬಿಡಿ. ಜುಲೈ ಆಗುತ್ತಾ?

ಒಕ್ಕೂಟದಕ್ಕ:
ಆಷಾಢದಾಗ ಬರ್ರಿ, ಲಗ್ನ ಇರೂದಿಲ್ಲ. ಕಳೆ ತಗಿಯೂ ದಿನ ಯಾವು ಅಂತ ಎಂಬಿಕೆಗೆ ಕೇಳ್ಕೊಂಡು ಅವನ್ನ ತಪ್ಪಿಸ್ರಿ. ಮಳಿಗಾಲದಾಗ ರೊಟ್ಟಿ ಆರೂದು ಎಷ್ಟು ತ್ರಾಸು ಅನ್ನೂದೂ ನೋಡಿದಂಗಾಗ್ತದ. ಬರೂವಾಗ ಪ್ಯಾಕೆಟ್ ಸೀಲ್ ಮಾಡೂ ಮಿಷಿನ್ ಒಂದು ತಂದು ನಡಿಸಿ ತೋರಿಸ್ರಿ, ಅದನ್ನ ಭಾಳ ಮಂದಿ ಕೇಳ್ತಾರ.